ಮೂವತ್ತನೇ ಅಕ್ಷರದ ಆಚೆ

"ನನ್ನ ದಾನಿಗಳೆಲ್ಲಾ ಎಲ್ಲಿ ಹೋದ್ರು?!"

ಸಿರಿಯ ಕೂಗಿಗೆ ರಕ್ತ ಕೇಂದ್ರದ ವರಾಂಡದಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು.

ಅವಳ ಕುರ್ಚಿಯಲ್ಲಿ, ಅವಳ ಕಂಪ್ಯೂಟರ್ ಮುಂದೆ, ಅವಳು ಎಂದೂ ನೋಡದ ಒಬ್ಬ ಗಂಡಸು ಕೂತಿದ್ದ. ಪರದೆಯ ಮೇಲೆ ರಕ್ತದಾನಿಗಳ ಹೆಸರುಗಳೇನೋ ಇದ್ದವು. ಆದರೆ ಆ ಹೆಸರುಗಳ ಪಕ್ಕ ನಾಲ್ಕು ವರ್ಷದಿಂದ ಅವಳು ಕನ್ನಡದಲ್ಲಿ ಟೈಪ್ ಮಾಡಿಟ್ಟಿದ್ದ ಟಿಪ್ಪಣಿಗಳು? ಅವುಗಳ ಜಾಗದಲ್ಲಿ 0xB90CB30CC70C2000... ಹೀಗೆ ಏನೇನೋ. ಕೆಳಗೆ ಎಳೆದಷ್ಟೂ ಅದೇ!

ಅವನು ಗಡಬಡಿಸಿ ಎದ್ದು ನಿಂತ.

"ಮೇಡಂ, ಒಸಿ ಕೂಗಬ್ಯಾಡಿ. ಯಾರೂ ಎಲ್ಲೂ ಹೋಗಿಲ್ಲ. ನಾನು ಕೆಂಪರಾಜು, ಕನಕಪುರದಿಂದ ಬಂದಿದೀನಿ. ಹಳೇ ಸಾಫ್ಟ್‌ವೇರಿಂದ ಹೊಸದಕ್ಕೆ ಡೇಟಾ ಸಾಗಿಸೋ ಕೆಲಸ ನಂದೇ."

"ಸಾಗಿಸಿದ್ದಾ ಇದು? ಸುಟ್ಟು ಹಾಕಿದಂಗೈತೆ!"

"ಸುಟ್ಟಿಲ್ಲ ಮೇಡಂ. ಹಳೇದು ಮಾಡಿದ ಪುಣ್ಯಾತ್ಮ ನಿಮ್ಮ ಟಿಪ್ಪಣಿನ ಅಕ್ಷರವಾಗಿ ಇಡ್ದೆ ಬೈನರಿ, ಅಂದ್ರೆ ಯಂತ್ರದ ಸಂಕೇತ ಮಾಡಿ ಇಟ್ಟವ್ನೆ. ಹಳೇ ಸಾಫ್ಟ್‌ವೇರ್ ಇನ್ನು ತೆರೆಯಕ್ಕಾಗಲ್ಲ. ಈಗ ವಾಪಸ್ ಅಕ್ಷರ ಮಾಡ್ಬೇಕು. ಅಷ್ಟೇ."

"ಅಷ್ಟೇನಾ? ಮಾಡೋವಾಗ ಕಳೆದೋದ್ರೆ?"

ಅವನು ಪರದೆಯ ಕಡೆ ತಿರುಗಿ ಇನ್ನೊಂದಿಷ್ಟು ಸಾಲು ಕೆಳಗೆ ಎಳೆದ.

ಕೇಂದ್ರದಲ್ಲಿ ದಾನಿಗಳ ದಾಖಲೆ ನೋಡಿಕೊಳ್ಳುವ ಇಪ್ಪತ್ತೇಳರ ಸಿರಿಗೆ ಭಯ ಹೊಸದಲ್ಲ. ಕೈಲಾಂಚದ ಮನೆಯಿಂದ ಹೊರಟವಳು ಬಸ್ ಹತ್ತಿದ ಮೇಲೂ ಒಲೆ ಆರಿಸಿದೆನೋ ಇಲ್ಲವೋ ಎಂದು ಅವ್ವನಿಗೆ ಫೋನ್ ಮಾಡುವ ಹುಡುಗಿ ಅವಳು. ಆದರೆ ಇಂದಿನ ಭಯಕ್ಕೆ ಕಾರಣವಿತ್ತು. ಆ ಕಾರಣ ಆಗಲೇ ಬಾಗಿಲಲ್ಲಿ ನಿಂತಿತ್ತು.

"ಸಿರಿ ಮೇಡಂ... ಆ ದಾನಿ ವಿಷ್ಯ ಏನಾಯ್ತು?"

ಮುಕ್ತಿಯಾರ್. ರಾಮನಗರದಲ್ಲೇ ರೇಷ್ಮೆ ನೂಲು ತೆಗೆಯುವ ಕೆಲಸ. ಪಕ್ಕದಲ್ಲಿ ಅವನ ಹೆಂಡತಿ ಮಹ್ವಿಶ್, ಎಂಟು ತಿಂಗಳ ಬಸುರಿ. ಚನ್ನಪಟ್ಟಣದ ಗೊಂಬೆ ಮಾಡುವವರ ಮನೆಯ ಮಗಳು.

ಮಹ್ವಿಶಳದು ಬಾಂಬೆ ಬ್ಲಡ್ ಗ್ರೂಪ್. ಮಾಮೂಲಿ ಪರೀಕ್ಷೆಯಲ್ಲಿ ಓ ಗುಂಪಿನ ಹಾಗೇ ಕಾಣುತ್ತದೆ, ಆದರೆ ಓ ರಕ್ತ ಕೊಟ್ಟರೆ ಜೀವಕ್ಕೇ ಅಪಾಯ. ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಇದ್ದರೆ ಉಂಟು. ಮೇಲಾಗಿ ಅವಳ ಗರ್ಭದಲ್ಲಿ ಮಾಸು ಕೆಳಗೆ ಬಂದು ಕೂತಿತ್ತು. ಹೆರಿಗೆಯಲ್ಲಿ ರಕ್ತ ಹೋಗುವುದು ಖಂಡಿತ, ಆಪರೇಷನ್ನೇ ಗತಿ ಎಂದಿದ್ದರು ಡಾಕ್ಟರ್. ಬೆಂಗಳೂರಿನಲ್ಲಿ ಸಿಕ್ಕ ಒಬ್ಬನೇ ದಾನಿ ಹೋದ ವಾರವಷ್ಟೇ ಬೇರೆಯವರಿಗೆ ರಕ್ತ ಕೊಟ್ಟಿದ್ದ; ಇನ್ನು ಮೂರು ತಿಂಗಳು ಮತ್ತೆ ಕೊಡುವಂತಿರಲಿಲ್ಲ.

ಈ ಕೇಂದ್ರದಲ್ಲಿ ಆ ಗುಂಪಿನ ದಾನಿ ಒಬ್ಬರೇ. ಸಿದ್ದಮ್ಮ. ವಿಳಾಸ ಮಾಗಡಿ ಕಡೆಯದು. ಮುಕ್ತಿಯಾರ್ ಅಲ್ಲಿಗೂ ಹೋಗಿ ಬಂದಿದ್ದ. ಮನೆಗೆ ಬೀಗ. ಗಂಡ ತೀರಿಕೊಂಡ ಮೇಲೆ ಅಕ್ಕನ ಊರಿಗೆ ಹೋದರಂತೆ, ಯಾವ ಊರೋ ಯಾರಿಗೂ ಗೊತ್ತಿರಲಿಲ್ಲ.

"ಆಕೆ ಊರು ಬಿಟ್ಟಾಗ ನಂಗೆ ಯಾರೋ ಫೋನ್ ಮಾಡಿ ಹೇಳಿದ್ರು. ಟಿಪ್ಪಣೀಲಿ ಬರ್ದಿದೀನಿ," ಎಂದು ಸಿರಿ ಶುಕ್ರವಾರವಷ್ಟೇ ಭರವಸೆ ಕೊಟ್ಟಿದ್ದಳು. "ಸೋಮವಾರ ಬನ್ನಿ, ಹುಡುಕಿ ಇಟ್ಟಿರ್ತೀನಿ."

ಸೋಮವಾರ ಬಂದಿತ್ತು. ಟಿಪ್ಪಣಿಯ ಜಾಗದಲ್ಲಿ 0xB90C...

ಮಹ್ವಿಶ್ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಸಿರಿಯ ಮುಖವನ್ನೇ ನೋಡುತ್ತಿದ್ದಳು.

"ಇನ್ನೆರಡು ದಿನ ಕೊಡಿ," ಎಂದ ಕೆಂಪರಾಜು ಮೆಲ್ಲಗೆ. "ತೆಗೆದುಕೊಡ್ತೀನಿ."

* * *

ಎರಡು ದಿನ ಐದಾಯಿತು.

ಹಳೆಯ ಕನ್ನಡ ಫಾಂಟಿನ ಲೆಕ್ಕದಲ್ಲಿ ಅವನು ಪರಿವರ್ತನೆ ಮಾಡಿದ. ಬಂದದ್ದು ಬರೀ ಕಸ. ಬೇರೆ ಲೆಕ್ಕ ಹಿಡಿದ. ಮತ್ತೆ ಕಸ. ಕಂಪ್ಯೂಟರಿನ ಜೊತೆಗೇ ಮಾತಾಡುತ್ತಿದ್ದ.

"ಬಾರವ್ವಾ... ಒಸಿ ಬಾಯ್ ಬುಡವ್ವಾ..."

ಎಷ್ಟೇ ಭಯದಲ್ಲಿದ್ದರೂ ಸಿರಿಗೆ ನಗು ಬಂತು.

"ನಿಮ್ಮೂರು ಕನಕಪುರಾನೇನಾ?"

"ಅಂಗಡಿ ಕನಕಪುರದಲ್ಲಿ. ಊರು ಉಯ್ಯಂಬಳ್ಳಿ. ಯಾಕೆ ಮೇಡಂ, ಮಾತಲ್ಲೇ ಗೊತ್ತಾಯ್ತದಾ?"

"ನಂಗೆ ಗೊತ್ತಾಯ್ತು. ಕಂಪ್ಯೂಟರ್ರಿಗೆ ನಿಮ್ಮ ಮಾತು ಗೊತ್ತಾಗಿಲ್ಲ ಅನ್ಸುತ್ತೆ!"

ಅವನೂ ನಕ್ಕ. ಅಂದಿನಿಂದ ಮಧ್ಯಾಹ್ನ ಅವಳ ಡಬ್ಬಿಯ ಉಪ್ಸಾರಿನಲ್ಲಿ ಅವನಿಗೂ ಪಾಲಿತ್ತು. ಅವಳ ಕುರ್ಚಿ ಬೇಕಾದಾಗಲೆಲ್ಲ ಕೇಳಿಯೇ ಕೂರುತ್ತಿದ್ದ. ಅವಳು ಒಂದೇ ಪ್ರಶ್ನೆಯನ್ನು ಮೂರನೇ ಸಲ ಕೇಳಿದರೂ ಮೊದಲ ಸಲ ಕೇಳಿದಂತೆಯೇ ಉತ್ತರ ಕೊಡುತ್ತಿದ್ದ. ಮನೆಯಲ್ಲಿ ಯಾರೂ ಹಾಗೆ ಮಾಡಿದ್ದಿಲ್ಲ... ಬಸ್ಸಿನಲ್ಲಿ ಕೂತಾಗ ಸಿರಿಗೆ ಅದೇ ನೆನಪಾಗುತ್ತಿತ್ತು.

ಛೇ, ಇದೇನು ಯೋಚನೆ ನಂದು! ಅಲ್ಲಿ ಒಬ್ಬಳ ಜೀವ ಕಾಯ್ತಾ ಐತೆ...

ಶುಕ್ರವಾರ ಬೆಳಿಗ್ಗೆ ಅವನ ಹೆಗಲ ಮೇಲಿಂದ ಪರದೆ ನೋಡುತ್ತಿದ್ದವಳು ಥಟ್ಟನೆ ಬಗ್ಗಿದಳು.

"ಇಲ್ನೋಡಿ! ಒಂದು ಬಿಟ್ಟು ಒಂದು 0C ಅಂತಾನೇ ಬತ್ತಾ ಐತಲ್ಲ? B9 ಆದ್ಮೇಲೆ 0C, B3 ಆದ್ಮೇಲೆ 0C..."

ಕೆಂಪರಾಜು ಕಣ್ಣರಳಿಸಿದ. "ಮೇಡಂ... ನೀವು ಕನ್ನಡ ಹೆಂಗ್ ಟೈಪ್ ಮಾಡ್ತಿದ್ರಿ? ಹಳೇ ಫಾಂಟಲ್ಲಾ?"

"ಇಲ್ವಲ್ಲ. ಫೋನಲ್ಲಿ ಮಾಡ್ತೀವಲ್ಲ, ಹಂಗೇ."

"ಅಯ್ಯೋ ನನ್ನ ಬುದ್ಧಿಗಿಷ್ಟು! ಯೂನಿಕೋಡು! ಆ 0C ಅನ್ನೋದೇ ಕನ್ನಡದ ಗುರ್ತು. ಎರಡೆರಡು ಜೋಡಿ ಸೇರಿ ಒಂದು ಅಕ್ಷರ!"

ಅವನ ಬೆರಳುಗಳು ಓಡಿದವು. ಪರಿವರ್ತನೆಯ ಆಜ್ಞೆ ತಿದ್ದಿ ಗುಂಡಿ ಒತ್ತಿದ. ಪರದೆ ತುಂಬಾ ಕನ್ನಡ! 'ಎಡಗೈ ನರ ಸಿಗಲ್ಲ. ಸಿರಿ.' 'ಭಾನುವಾರ ಮಾತ್ರ ಬರ್ತಾರೆ. ಸಿರಿ.' ಸಿರಿಯ ಕಣ್ಣು ತುಂಬಿ ಬಂತು. ಅರಿವಿಲ್ಲದೆ ಅವನ ತೋಳು ಹಿಡಿದಿದ್ದಳು. ತಕ್ಷಣ ಬಿಟ್ಟಳು.

"ಸಿದ್ದಮ್ಮ... ಸಿದ್ದಮ್ಮನ್ನ ತೆಗೀರಿ!"

ತೆಗೆದ.

'ಹಳೇ ನಂಬರ್ ಇಲ್ಲ. ಈಗ ಅಕ್ಕನ ಊರು ಬ'

ಅಷ್ಟೇ. ಮುಂದೆ ಖಾಲಿ.

"ಬ...? ಬ ಅಂದ್ರೆ? ಮುಂದಕ್ಕೆ ಎಲ್ಲೈತೆ?"

"ಇಷ್ಟೇ ಐತೆ ಮೇಡಂ. ನೀವು... ಇಷ್ಟೇ ಬರ್ದಿದ್ರಾ?"

* * *

ಕೇಂದ್ರದ ಮ್ಯಾನೇಜರ್ ಮುಬಶ್ಶಿರಾ ಮೇಡಂ ಇಬ್ಬರನ್ನೂ ಒಳಗೆ ಕರೆದರು. ಕೆಟ್ಟವರಲ್ಲ. ಆದರೆ ಮುಕ್ತಿಯಾರ್‌ಗೆ ಉತ್ತರ ಹೇಳಬೇಕಾದವರು ಅವರೇ.

"ಕೆಂಪರಾಜು, ಡೇಟಾ ಸಾಗಿಸೋವಾಗ ಹಾಳಾಯ್ತಾ, ಮೊದಲೇ ಹಿಂಗಿತ್ತಾ? ಬರೆದು ಕೊಡಿ."

ಅವನು ಸಾಗಿಸುವಾಗ ಒಂದು ಸಾಲೂ ತಪ್ಪಿಲ್ಲವೆಂದು ಎಣಿಸಿ ನೋಡಿದ್ದ. ಬೇರೆ ಕೆಲವು ಟಿಪ್ಪಣಿಗಳು ಸರಿಯಾಗಿ ಬಂದಿದ್ದನ್ನು ಕಣ್ಣಾರೆ ಕಂಡಿದ್ದ. ಬರೆದ: 'ಮಾಹಿತಿ ಮೂಲದಲ್ಲೇ ಅಪೂರ್ಣ.'

ಮೂರೇ ಪದ. ಸಿರಿ ಮೇಜಿನ ಹತ್ತಿರ ಸರಿದು ಅದನ್ನು ಓದಿದಳು.

"ನಾನು ಅರ್ಧ ಬರೆಯೋಳಲ್ಲ ಮೇಡಂ! ಬರೆದು ಮುಗಿದ ಮೇಲೆ ಕೊನೇಲಿ ನನ್ನ ಹೆಸರು ಹಾಕ್ತೀನಿ. ಪ್ರತಿ ಸಲಾನೂ!"

ಮುಬಶ್ಶಿರಾ ಸಿದ್ದಮ್ಮನ ಟಿಪ್ಪಣಿಯ ಪ್ರಿಂಟ್ ತಿರುಗಿಸಿ ತೋರಿಸಿದರು. "ಇಲ್ಲಿ ನಿಮ್ಮ ಹೆಸರಿಲ್ಲವಲ್ಲ ಸಿರಿ. ಅಂದ್ರೆ ಮುಗಿಸಿಲ್ಲ ಅಂತ ತಾನೆ?"

ತನ್ನ ಮಾತೇ ತನ್ನ ಕುತ್ತಿಗೆಗೆ ಬಂದಿತ್ತು. ಸಿರಿ ಕೆಂಪರಾಜುವಿನ ಕಡೆ ನೋಡಿದಳು. ಒಂದು ಮಾತು... ಒಂದೇ ಒಂದು ಮಾತು ಆಡಲಿ! ಅವನು ತಲೆ ತಗ್ಗಿಸಿದ್ದ.

"ವಿಚಾರಣೆ ಮುಗಿಯೋವರೆಗೂ ಕೆಲಸಕ್ಕೆ ಬರಬೇಡಿ," ಎಂದರು ಮುಬಶ್ಶಿರಾ.

ಬಾಗಿಲ ಹತ್ತಿರ ಕೆಂಪರಾಜು ಹಿಂದೆಯೇ ಬಂದ. "ಸಿರಿ ಅವ್ರೇ, ನಾನು ಕಂಡಿದ್ದೇ ಬರ್ದಿದ್ದು... ನಂಗೆ ಬೇರೆ ದಾರಿ..."

"ಕಂಡಿದ್ದು ಬರ್ದಿದೀರಿ. ಸರಿ. ಐದು ದಿನದಿಂದ ನನ್ನೂ ಕಾಣ್ತಿದ್ರಲ್ಲ... ಅದನ್ನ ಯಾಕೆ ಬರೀಲಿಲ್ಲ?"

ಅಷ್ಟು ಹೇಳಿ ಅವಳು ರಸ್ತೆಗಿಳಿದಳು.

* * *

ಕೈಲಾಂಚದ ಮನೆಯಲ್ಲಿ ಅವ್ವ ಚಿಕ್ಕಲಕ್ಷ್ಮಮ್ಮ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಾ ಮಗಳನ್ನೇ ಗಮನಿಸುತ್ತಿದ್ದಳು. ಸಿರಿ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

ನಿಜವಾಗಲೂ ಅರ್ಧಕ್ಕೇ ಬಿಟ್ಟೆನಾ?

ಅದೇ ಅವಳನ್ನು ಕೊರೆಯುತ್ತಿತ್ತು. ಸಿದ್ದಮ್ಮನ ಮುಖ ನೆನಪಿತ್ತು. ಸೂಜಿ ಕಂಡು ಬಿಳಿಚಿಕೊಂಡ ಮುಖ, ತನ್ನ ಕೈಯನ್ನು ನೋಯುವಷ್ಟು ಹಿಡಿದಿದ್ದ ಒರಟು ಕೈ. ಊರು ಮಾತ್ರ ನೆನಪಿಲ್ಲ. ಫೋನ್ ಬಂದ ದಿನ ಏನಾಗಿತ್ತು? ಯಾರಾದರೂ ಕರೆದರಾ? ಎದ್ದು ಹೋದೆನಾ? ಮೂರು ವರ್ಷದ ಹಿಂದಿನ ಮಾತು... ನೆನೆದಷ್ಟೂ, ಎದ್ದು ಹೋದಂತೆಯೇ ಅನ್ನಿಸತೊಡಗಿತು!

"ನನ್ನ ಮೇಲೆ ನಂಗೇ ನಂಬಿಕೆ ಹೋಯ್ತು ಕಣವ್ವ."

"ಏನಾಯ್ತು ಅಂತ ಹೇಳ್ಬಾರ್ದೇನವ್ವ?"

ಸಿರಿ 'ಬ' ಅಕ್ಷರದ ಊರುಗಳನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿದಳು. ಬಿಡದಿಯಿಂದ ಶುರು ಮಾಡಿ ಆಶಾ ಕಾರ್ಯಕರ್ತೆಯರ ನಂಬರ್ ಹುಡುಕಿ ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಸಿದ್ದಮ್ಮ ಎಂಬ ಹೆಸರಿನವರು ಊರಿಗೆ ನಾಲ್ಕು ಜನ! ವಯಸ್ಸು ಹೊಂದಿದವರು ಮಾಗಡಿ ಕಡೆಯಿಂದ ಬಂದವರಲ್ಲ.

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಮುಕ್ತಿಯಾರ್‌ನ ಫೋನ್ ಬಂತು.

"ಮೇಡಂ, ಮಹ್ವಿಶ್‌ಗೆ ಬ್ಲೀಡಿಂಗ್ ಶುರುವಾಗಿದೆ. ಅಡ್ಮಿಟ್ ಮಾಡಿದೀವಿ. ಡಾಕ್ಟ್ರು, ಒಂದು ಬ್ಯಾಗ್ ರಕ್ತ ಕೈಯಲ್ಲಿದ್ರೂ ಧೈರ್ಯವಾಗಿ ಆಪರೇಷನ್ ಮಾಡ್ತೀನಿ ಅಂತಾರೆ... ಸಂಜೆವರೆಗೆ ನೋಡ್ತಾರಂತೆ, ಅಷ್ಟೇ. ನಾನು ಯಾರನ್ನ ಕೇಳ್ಲಿ ಮೇಡಂ? ಯಾರನ್ನ ಕೇಳ್ಲಿ?"

ಸಿರಿಯ ಕೈಯಿಂದ ಫೋನ್ ಜಾರಿತು. ಎತ್ತಿಕೊಳ್ಳಲು ಬಗ್ಗಿದಾಗ ಅಂಗಳದಲ್ಲಿ ಬೈಕು ನಿಂತ ಸದ್ದು.

ಕೆಂಪರಾಜು! ಮೈಯೆಲ್ಲ ಧೂಳು. ಇಳಿದವನು ಬೈಕಿಗೆ ಸ್ಟ್ಯಾಂಡ್ ಹಾಕುವುದನ್ನೂ ಮರೆತ, ಅದು ಬೇಲಿಗೆ ಒರಗಿ ಬಿತ್ತು.

"ತಪ್ಪು ನಂದು! ನೀವು ಪೂರ್ತಿ ಬರ್ದಿದ್ರಿ. ಪೂರ್ತಿ!"

ಸಿರಿ ಅಂಗಳಕ್ಕಿಳಿದಳು. "ಏನಂದ್ರಿ?"

"ಮಿಕ್ಕಿದ್ದನ್ನ ನೋಡ್ತಾ ಇದ್ದೆ ಇವತ್ತು ಬೆಳಿಗ್ಗೆ. ಚಿಕ್ಕ ಟಿಪ್ಪಣಿ ಎಲ್ಲದ್ರಲ್ಲೂ ಕೊನೇಲಿ ನಿಮ್ಮ ಹೆಸರೈತೆ. ಉದ್ದ ಇರೋದ್ರಲ್ಲಿ ಒಂದ್ರಲ್ಲೂ ಇಲ್ಲ. ಗುಣಿತ, ಒತ್ತು, ಖಾಲಿ ಜಾಗ ಎಲ್ಲಾ ಸೇರಿಸಿ ಎಣಿಸ್ದೆ. ಉದ್ದದ್ದೆಲ್ಲಾ ಸರಿಯಾಗಿ ಮೂವತ್ತಕ್ಕೇ ನಿಂತವೆ. ಮನುಷ್ಯರು ಯಾರಾದ್ರೂ ಸಾವಿರ ಸಲ ಎಣಿಸ್ಕಂಡು ಮೂವತ್ತಕ್ಕೇ ಕೈ ಎತ್ತುತಾರಾ?"

"ಮೂವತ್ತು...?"

"ಬೈನರಿನ ಅಕ್ಷರ ಮಾಡು ಅಂತ ಹೇಳ್ದೆ. ಎಷ್ಟು ಅಕ್ಷರ ಅಂತ ನಾನು ಹೇಳ್ಲಿಲ್ಲ. ಹೇಳ್ದೆ ಇದ್ರೆ ಅದು ಮೂವತ್ತು ಕೊಟ್ಟು ಸುಮ್ಕಾಗ್ಬುಡ್ತದೆ. ತಪ್ಪು ಅಂತಾನೂ ಹೇಳಲ್ಲ, ಎಚ್ಚರಿಕೆನೂ ಕೊಡಲ್ಲ. ಅದು ನಂಗೆ ಗೊತ್ತಿರ್ಬೇಕಿತ್ತು... ಗೊತ್ತಿತ್ತು! ಅವಸರದಲ್ಲಿ ಮರ್ತೆ. ಮರ್ತು ನಿಮ್ಮ ಮೇಲೆ ಹಾಕ್ದೆ."

ಅವನು ಹಾಳೆ ಚಾಚಿದ. ಸಿರಿ ಓದಿದಳು.

'ಹಳೇ ನಂಬರ್ ಇಲ್ಲ. ಈಗ ಅಕ್ಕನ ಊರು ಬೈರಾಪಟ್ಟಣದಲ್ಲಿ ಇದ್ದಾರೆ. ಹಾಲಿನ ಡೈರಿ ಹಿಂದಿನ ಮನೆ. ಫೋನ್ ಬಳಸಲ್ಲ. ಸೂಜಿಗೆ ತುಂಬಾ ಹೆದರ್ತಾರೆ, ಬೇಕಾದಾಗ ನಾನೇ ಹೋಗಿ ಕರೀಬೇಕು. ಸಿರಿ.'

ನಾನು ಬರೆದಿದ್ದೆ... ಕೊನೆಯವರೆಗೂ ಬರೆದಿದ್ದೆ!

ಅಳು ಬಂತು. ಅದರ ಹಿಂದೆಯೇ ಕೋಪವೂ ಬಂತು.

"ನಿಮ್ಮಿಂದ ನಾಲ್ಕು ದಿನ ಹೋಯ್ತು! ಅಲ್ಲಿ ಮಹ್ವಿಶ್..."

"ಗೊತ್ತು. ನೀವು ಹೊಡೆದ್ರೂ ಹೊಡ್ಸ್ಕೋತೀನಿ. ಆದ್ರೆ ಆಮೇಲೆ. ಮೊದ್ಲು ಬೈರಾಪಟ್ಟಣಕ್ಕೆ ಹೋಗಾಣ. ನಾನೊಬ್ಬನೇ ಹೋಗ್ಬೋದಿತ್ತು. ನೀವೇ ಬರ್ದಿದೀರಲ್ಲ, ನಾನೇ ಹೋಗಿ ಕರೀಬೇಕು ಅಂತ."

ಸಿರಿ ಒಳಗೂ ಹೋಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಿದ್ದಿದ್ದ ಬೈಕಿಗೆ ತಾನೂ ಕೈಹಾಕಿ ಎತ್ತಿದಳು.

"ಅವ್ವಾ, ಬತ್ತೀನಿ!"

* * *

ರಾಮನಗರ ದಾಟಿತು, ಚನ್ನಪಟ್ಟಣ ದಾಟಿತು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ. ಊರು ಬಿಟ್ಟಿದ್ದರೆ? ಕಾಯಿಲೆ ಬಿದ್ದಿದ್ದರೆ? ಸತ್ತೇ ಹೋಗಿದ್ದರೆ?

ಡೈರಿ ಹಿಂದಿನ ಮನೆಯಲ್ಲಿ ಸಿದ್ದಮ್ಮ ಇದ್ದಳು! ಎಮ್ಮೆಗೆ ಹುಲ್ಲು ಹಾಕುತ್ತಿದ್ದವಳು ಸಿರಿಯನ್ನು ಕಂಡು ಕಣ್ಣು ಕಿರಿದು ಮಾಡಿದಳು.

"ರಾಮನಗರದ ಸೂಜಿ ಹುಡ್ಗಿ ಅಲ್ವೇನವ್ವ ನೀನು?"

"ಹೂಂ ಕಣಕ್ಕ, ನಾನೇ. ನಿಮ್ಮನ್ನ ಕರೆಯಕ್ಕೆ ಬಂದೆ."

ವಿಷಯ ಕೇಳಿದ್ದೇ ಸಿದ್ದಮ್ಮನ ಮುಖ ಬಾಡಿತು. ಹಿಂದೆ ಸರಿದು ಗೋಡೆಗೆ ಒರಗಿದಳು.

"ಆಗಾಕಿಲ್ಲ ಕಣವ್ವ. ಅವತ್ತು ಕೊಟ್ಟು ಬಂದು ಎರಡು ದಿನ ಕೈ ನಡುಗ್ತು. ಅವಾಗ ನಮ್ಮೆಜಮಾನ್ರಿದ್ರು. ಈಗ ಯಾರವ್ರೆ ನಂಗೆ?"

ಕೆಂಪರಾಜು ಏನೋ ಹೇಳಲು ಹೊರಟ. ಸಿರಿ ಕೈಸನ್ನೆಯಲ್ಲೇ ತಡೆದಳು. ಸಿದ್ದಮ್ಮನ ಪಕ್ಕ ನೆಲದ ಮೇಲೆ ಕೂತಳು.

"ನಂಗೂ ಭಯ ಕಣಕ್ಕ. ಈಗಲೂ ನೋಡಿ, ಕೈ ಹೆಂಗೆ ತಣ್ಣಗಾಗೈತೆ. ಆ ಹುಡುಗಿಗೂ ಭಯ. ಇನ್ನೂ ಇಪ್ಪತ್ಮೂರು ವರ್ಷ. ಅವಳಿಗೆ ಹೊಂದೋ ರಕ್ತ ಈ ನಾಲ್ಕು ತಾಲೂಕಲ್ಲಿ ನಂಗೆ ಗೊತ್ತಿರೋದು ನಿಮ್ಮೊಬ್ಬರದೇ. ನೀವು ಬರಲ್ಲ ಅಂದ್ರೆ ಬಲವಂತ ಮಾಡಲ್ಲ. ಬಂದ್ರೆ ಸೂಜಿ ತೆಗೆಯೋಗಂಟ ನಾನು ಕೈ ಬಿಡಲ್ಲ."

ಸಿದ್ದಮ್ಮ ಆ ತಣ್ಣನೆಯ ಕೈಯನ್ನು ಮುಟ್ಟಿ ನೋಡಿದಳು. ಆಮೇಲೆ ಸೆರಗು ಬಿಗಿದುಕೊಂಡು ಒಳಗಿದ್ದ ಅಕ್ಕನನ್ನು ಕೂಗಿದಳು.

"ಅಕ್ಕಾ, ಎಮ್ಮೆ ನೋಡ್ಕ. ಒಸಿ ರಾಮನಗರಕ್ಕೆ ಹೋಗ್ಬುಟ್ಟು ಬತ್ತೀನಿ."

* * *

ಕೇಂದ್ರದಲ್ಲಿ ಇನ್ನೊಂದು ಆತಂಕ. ರಕ್ತ ಕೊಡಲು ಹಿಮೋಗ್ಲೋಬಿನ್ ಹನ್ನೆರಡೂವರೆಯಾದರೂ ಇರಬೇಕು. ಯಂತ್ರದ ಅಂಕಿ ಮೂಡುವವರೆಗೂ ಎಲ್ಲರ ಕಣ್ಣೂ ಅದರ ಮೇಲೇ.

ಹನ್ನೆರಡು ಪಾಯಿಂಟ್ ಆರು!

ಸೂಜಿ ಒಳಗೆ ಹೋದಾಗ ಸಿದ್ದಮ್ಮ ಕಣ್ಣು ಮುಚ್ಚಿ ಸಿರಿಯ ಕೈ ಹಿಂಡಿದಳು. ಸಿರಿ ಬಿಡಲಿಲ್ಲ. ಪರೀಕ್ಷೆಗಳೆಲ್ಲ ಮುಗಿದು ಬ್ಯಾಗ್ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಸಂಜೆ ಐದೂವರೆ. ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು.

ಮುಕ್ತಿಯಾರ್ ಗೋಡೆಯ ಕಡೆ ಮುಖ ಮಾಡಿ ತುಟಿಯಲ್ಲೇ ಪ್ರಾರ್ಥಿಸುತ್ತಿದ್ದ. ಬೆಂಚಿನ ಈ ತುದಿಯಲ್ಲಿ ಸಿರಿ, ಆ ತುದಿಯಲ್ಲಿ ಕೆಂಪರಾಜು. ನಡುವೆ ಮೂವರು ಕೂರುವಷ್ಟು ಜಾಗ.

ಆರು ಗಂಟೆ... ಆರೂಕಾಲು... ಒಳಗಿಂದ ನರ್ಸ್ ಓಡಿ ಬಂದಳು, ಏನನ್ನೋ ತೆಗೆದುಕೊಂಡು ಮತ್ತೆ ಓಡಿದಳು. ಸಿರಿ ಕಣ್ಣು ಮುಚ್ಚಿಕೊಂಡಳು.

ಆರೂವರೆಗೆ ಮಗುವಿನ ಅಳು ಕೇಳಿಸಿತು.

"ಹೆಣ್ಣು ಮಗು," ಎಂದರು ಡಾಕ್ಟರ್ ಹೊರಗೆ ಬಂದು. "ತಾಯಿಗೂ ಅಪಾಯ ದಾಟಿದೆ. ಆ ರಕ್ತ ಇಲ್ಲದಿದ್ರೆ ಕೈಹಾಕ್ತಾನೇ ಇರಲಿಲ್ಲ ನಾನು."

ಮುಕ್ತಿಯಾರ್ ನೆಲಕ್ಕೇ ಕುಸಿದು ಅತ್ತ. ಸಿರಿ ಗಟ್ಟಿಯಾಗಿ ಬಿಕ್ಕಿದಳು. ಬೆಂಚಿನ ನಡುವಿನ ಆ ಖಾಲಿ ಜಾಗ ಯಾವಾಗ ಇಲ್ಲವಾಯಿತೋ, ಪಕ್ಕದಲ್ಲಿ ಕೆಂಪರಾಜು ನೀರಿನ ಬಾಟಲಿ ಹಿಡಿದು ಕೂತಿದ್ದ.

* * *

ಎರಡು ದಿನ ಕಳೆದು ಮಗುವನ್ನು ನೋಡಲು ಬಂದ ಸಿರಿಗೆ ಆಸ್ಪತ್ರೆಯ ಮೆಟ್ಟಿಲ ಬಳಿ ಮುಬಶ್ಶಿರಾ ಮೇಡಂ ಸಿಕ್ಕರು. ಕೈಯಲ್ಲೊಂದು ಕಾಗದ.

"ನನ್ನನ್ನ ಕ್ಷಮಿಸಿ ಸಿರಿ. ನಾಳೆಯಿಂದ ಬನ್ನಿ. ಕೆಂಪರಾಜು ಮಂಗಳವಾರ ಬೆಳಿಗ್ಗೇನೇ ಇದನ್ನ ಕೊಟ್ಟು ನಿಮ್ಮನೆ ಕಡೆ ಹೊರಟ್ರು. ಓದ್ಕೊಳ್ಳಿ."

'ಹಿಂದಿನ ವರದಿ ತಪ್ಪು. ಮಾಹಿತಿ ಪೂರ್ಣವಾಗಿತ್ತು. ಕತ್ತರಿಸಿದವನು ನಾನು. ಸಿರಿ ಅವರ ಕೆಲಸದಲ್ಲಿ ಒಂದು ಅಕ್ಷರವೂ ಕಡಿಮೆ ಇರಲಿಲ್ಲ.' ಕೆಳಗೆ ಅವನ ಪೂರ್ತಿ ಹೆಸರು, ಸಹಿ.

ಅವನು ಗೇಟಿನ ಹೊರಗೆ, ಬೈಕಿನ ಪಕ್ಕ ನಿಂತಿದ್ದ. ಕೆಲಸ ಮುಗಿದಿತ್ತು. ಹೊರಡುವವನಿದ್ದ.

"ಹೊಡೀತೀನಿ ಅಂದಿದ್ನಲ್ಲ, ಅದಕ್ಕೇ ಓಡೋಗ್ತಿದೀರಾ?" ಎಂದಳು ಸಿರಿ.

"ನೀವು ಅನ್ಲಿಲ್ಲ. ನಾನೇ ಅಂದಿದ್ದು." ಅವನು ನಗಲಿಲ್ಲ. "ಸಿರಿ ಅವ್ರೇ, ನಿಮ್ಮ ಕೆಲ್ಸ ಹೋಗಿದ್ದಕ್ಕಿಂತ ಹೆಚ್ಚಾಗಿ, ಅವತ್ತು ಅಂಗಳದಲ್ಲಿ ಕಂಡ ನಿಮ್ಮ ಮುಖ ನಂಗೆ ಮರೆಯಕ್ಕಾಯ್ತಿಲ್ಲ. ನಿಮ್ಮ ಮೇಲೆ ನಿಮಗೇ ಅನುಮಾನ ಬರೋ ಹಂಗೆ ಮಾಡ್ದೆ ನಾನು. ಅದನ್ನ ಯಾವ ಕಾಗದದಲ್ಲಿ ತಿದ್ದಲಿ?"

ಸಿರಿ ಗೇಟು ದಾಟಿ ಬೈಕಿನ ಹತ್ತಿರ ಬಂದಳು.

"ಇನ್ನೊಂದು. ಐದು ದಿನದಿಂದ ಕಾಣ್ತಿದ್ದಿದ್ದನ್ನ ಯಾಕೆ ಬರೀಲಿಲ್ಲ ಅಂದ್ರಲ್ಲ... ಅದು ವರದೀಲಿ ಬರೆಯೋ ಅಂಥದ್ದಾಗಿರಲಿಲ್ಲ." ಅವನ ದನಿ ತಗ್ಗಿತು. "ನಂಗೆ ನೀವಂದ್ರೆ ಇಷ್ಟ. ಉತ್ರ ಈಗಲೇ ಬ್ಯಾಡ. ಬ್ಯಾಡ ಅಂದ್ರೂ ಸರಿ."

ಸಿರಿ ಬೈಕಿನ ಕನ್ನಡಿಯ ಧೂಳನ್ನು ಬೆರಳಿಂದ ಒರೆಸಿದಳು.

"ನಾನು ಪುಕ್ಕಲಿ. ಎಲ್ಲದಕ್ಕೂ ಭಯ ಬೀಳ್ತೀನಿ. ಜೊತೇಲಿರೋರಿಗೆ ಸಾಕಾಗೋಗ್ತದೆ."

"ನಂಗೇನು ಕಮ್ಮಿ ಭಯವಾ? ಇದನ್ನ ಹೇಳಕ್ಕೆ ಬೆಳಿಗ್ಗೆಯಿಂದ ಈ ಗೇಟಿನ ಹತ್ರ ನಾಲ್ಕು ಟೀ ಕುಡ್ದಿದೀನಿ."

ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. "ಭಾನುವಾರ ಅಪ್ಪ ಮನೇಲಿರ್ತಾರೆ. ಹೆಸರು ಬೋರಲಿಂಗಯ್ಯ. ಒಸಿ ಮೆಲ್ಲಗೆ ಮಾತಾಡಿಸಿ."

ಅವನು ನಿಂತಲ್ಲೇ ನಿಂತ. ಕೇಳಿದ್ದು ನಿಜವೋ ಎಂಬಂತೆ ಅವಳನ್ನೇ ನೋಡಿದ. ಮೆಲ್ಲಗೆ ಬೈಕಿನ ಕೀಲಿ ತಿರುಗಿಸಿದ, ಮತ್ತೆ ಆರಿಸಿದ.

"ಈಗಲೂ ಭಯ ಆಯ್ತಾ ಐತಾ?"

"ಹೂಂ."

"ಯಾತಕ್ಕೆ?"

"ಉಯ್ಯಂಬಳ್ಳಿ ದೂರ. ಊರು ಮುಟ್ಟಿದ ಮೇಲೆ ಫೋನ್ ಮಾಡ್ತೀರೋ ಇಲ್ವೋ ಅಂತ."

"ಊರು ಮುಟ್ಟೋಗಂಟ ಯಾಕೆ ಕಾಯ್ತೀರಿ?" ಎಂದ ಕೆಂಪರಾಜು. "ಆ ತಿರುವು ದಾಟ್ತಿದ್ದಂಗೇ ಗಾಡಿ ನಿಲ್ಲಿಸಿ ಮಾಡ್ತೀನಿ."